ತೂಕದ ಜೊತೆ ತಲೆಯ ಅಳತೆಯೂ

ತಂಗಿಯ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ನೋಡಲು ಬಂದವರೆಲ್ಲ ಕೇಳುವುದು ಒಂದೇ, "ತೂಕ ಎಷ್ಟಾಯ್ತು?" ತಲೆಯ ಸುತ್ತಳತೆ ಯಾರೂ ಕೇಳುವುದಿಲ್ಲ. ಡಾಕ್ಟರು ಮಾತ್ರ ಪ್ರತಿ ಸಲ ಟೇಪ್ ತೆಗೆಯುತ್ತಾರೆ. ಹುಬ್ಬಿನ ಸ್ವಲ್ಪ ಮೇಲಿಂದ, ಹಿಂದಲೆ ಉಬ್ಬಿದ ಜಾಗ ಬಳಸಿ, ಎರಡು ಮೂರು ಸಲ ಅಳೆದು, ಜಾಸ್ತಿ ಬಂದದ್ದನ್ನು ಬರೆಯುತ್ತಾರೆ.

ಬಸಿರಿನ ಕೊನೆಯ ವಾರಗಳಲ್ಲಿ ಮೆದುಳು ಬಹಳ ಬೇಗ ಬೆಳೆಯುತ್ತದೆ. 34 ವಾರಕ್ಕೆ ಅದರ ತೂಕ ದಿನ ತುಂಬಿದ ಮಗುವಿನ ಮೆದುಳಿನ ಸುಮಾರು ಮೂರನೇ ಎರಡು ಪಾಲು ಅಷ್ಟೇ. ಉಳಿದದ್ದು ಹೊರಗೆ ಬಂದ ಮೇಲೆ ಆಗಬೇಕು. ಅದಕ್ಕೇ ಎದೆಹಾಲು, ನಿದ್ದೆ, ಅಮ್ಮನ ಮೈಬಿಸಿ ಇಷ್ಟು ಮುಖ್ಯ. ತಲೆ ತೀರಾ ನಿಧಾನ ಬೆಳೆದರೆ ನಡಿಗೆ, ಮಾತು, ಕಲಿಕೆಯ ಮೇಲೆ ಮೊದಲಿನಿಂದಲೇ ಕಣ್ಣಿಡಬೇಕು. ತೀರಾ ಬೇಗ ದೊಡ್ಡದಾದರೂ ತೋರಿಸಬೇಕು, ಒಳಗೆ ನೀರು ತುಂಬುತ್ತಿರಬಹುದು. ಒಂದು ದಿನದ ಅಳತೆಯಿಂದ ಏನೂ ತೀರ್ಮಾನ ಆಗುವುದಿಲ್ಲ, ಬೆಳವಣಿಗೆ ಚಾರ್ಟಿನಲ್ಲಿ ಗೆರೆ ಹೇಗೆ ಏರುತ್ತಿದೆ ಅನ್ನೋದೇ ಮುಖ್ಯ.

ಮತ್ತೆ, ಪಕ್ಕದ ಮನೆ ಮಗುವಿನ ಜೊತೆ ಸುಮ್ನೆ ಹೋಲಿಸಬೇಡಿ. ಎಷ್ಟು ವಾರ ಮೊದಲೇ ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸು ಲೆಕ್ಕ ಹಾಕಬೇಕು, 2 ವರ್ಷದ ತನಕ. ನಿಮ್ಮ ಮನೆಯಲ್ಲೂ ಇಂಥ ಕೂಸಿದ್ದರೆ ಚೀಟಿ ತೆಗೆದು ನೋಡಿ. ತಲೆಯ ಅಳತೆ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.