ಮಾಡಿನ ಮೇಲೆ ನಿಂತವನು

ಇಂದು ಬೆಳಿಗ್ಗೆ ಅಗ್ನಿಶಾಮಕ ವಾಹನವೊಂದು ಗಂಟೆ ಬಾರಿಸುತ್ತಾ ನಮ್ಮ ಬಸ್ಸನ್ನು ದಾಟಿಹೋಯಿತು. ಆಗಿನಿಂದ ಮನಸ್ಸು ಮುನ್ನೂರು ವರ್ಷ ಹಿಂದಿನ ಎಡೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ ಅಲೆಯುತ್ತಿದೆ.

ಮರ ಮತ್ತು ಕಾಗದದ ಮನೆಗಳ ಊರು ಅದು. 1657ರ ಬೆಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಊರು ಬೂದಿಯಾಯಿತು. 1720ರ ಹೊತ್ತಿಗೆ ಪಟ್ಟಣದ ಜನರದೇ ಅಗ್ನಿಶಾಮಕ ತಂಡಗಳು ಏರ್ಪಟ್ಟವು. ಜಪಾನಿ ಅಕ್ಷರಮಾಲೆಯ ಅಕ್ಷರಗಳೇ ಅವುಗಳ ಹೆಸರು. ನೀರೆರಚಿ ನಂದಿಸುವುದು ಅವರ ಮುಖ್ಯ ಕೆಲಸವಾಗಿರಲಿಲ್ಲ. ಗಾಳಿಯ ದಿಕ್ಕು ನೋಡಿ, ಬೆಂಕಿ ಮುಂದಕ್ಕೆ ಹರಡದಂತೆ, ಅದು ಇನ್ನೂ ಮುಟ್ಟದ ಮನೆಗಳನ್ನು ಕೊಕ್ಕೆ ಹಾಕಿ ಎಳೆದು ಕೆಡವುತ್ತಿದ್ದರು. ಅದಕ್ಕೆಂದೇ ಕಟ್ಟಡ ಕೆಲಸದವರನ್ನು, ಎತ್ತರದಲ್ಲಿ ಓಡಾಡಿ ರೂಢಿಯಿದ್ದವರನ್ನು ಸೇರಿಸಿಕೊಳ್ಳುತ್ತಿದ್ದರು. ಕಟ್ಟಿದ ಕೈಗಳೇ ಕೆಡವಬೇಕು. ಎದುರಿಗೆ ನಿಂತ ಮನೆಯವರ ಮುಖವನ್ನು ಅವರು ಹೇಗೆ ನೋಡುತ್ತಿದ್ದರೋ!

ನನ್ನನ್ನು ಹೆಚ್ಚು ಕಾಡುವವನು ತಂಡದ ಲಾಂಛನ ಹಿಡಿದವನು. ‘ಮತೋಯಿ’ ಎಂಬ ಆ ಭಾರದ ಕೋಲನ್ನೆತ್ತಿ ಬೆಂಕಿಗೆ ಸಮೀಪದ ಮಾಡಿನ ಮೇಲೆ ನಿಲ್ಲುವುದು ಅವನ ಕರ್ತವ್ಯ. ಕಿಡಿ ಹಾರಿ ಬರುತ್ತಿದ್ದರೂ ಅವನು ಅಲ್ಲಿದ್ದಾನೆ ಎಂಬುದೇ ಕೆಳಗಿನವರಿಗೆ ಧೈರ್ಯ.

ಹೊಲಿಗೆ ಹಾಕಿದ ದಪ್ಪ ಹತ್ತಿಯ ಅಂಗಿಯನ್ನು ನೀರಿನಲ್ಲಿ ತೊಯ್ಯಿಸಿ ತೊಡುತ್ತಿದ್ದರು. ಹೊರಮೈ ಸರಳ, ಒಳಮೈಯಲ್ಲಿ ಡ್ರ್ಯಾಗನ್‌ಗಳ, ವೀರರ ಬಣ್ಣದ ಚಿತ್ರ. ಬೆಂಕಿ ಆರಿದ ಮೇಲೆ ಅಂಗಿಯನ್ನು ಒಳಹೊರಗು ಮಾಡಿ, ಆ ಚಿತ್ರಗಳು ಎಲ್ಲರಿಗೂ ಕಾಣುವಂತೆ ತೊಟ್ಟು, ಬೀದಿಯಲ್ಲಿ ನಡೆದುಹೋಗುತ್ತಿದ್ದರು.