ಎದುರಿನ ಚಕ್ರದ ಎತ್ತರ

ನಮ್ಮ ಬ್ಯಾಚಿನ ನಾಲ್ಕು ಜನ ಸೇರಿದರೆ ಸಾಕು, ಚಾ ಬರುವುದರೊಳಗೆ ಮಾತು ಬೈಕಿಗೆ ಬಂದಿರುತ್ತದೆ. ಬೈಕಿನಿಂದ ಮಲ್ಪೆ ಬೀಚಿಗೆ. ಅಲ್ಲಿಂದ, ವ್ಹೀಲಿ ಹೊಡೆಯುವಾಗ ಬೈಕಿನ ಎದುರಿನ ಚಕ್ರ ಯಾರು ಎಷ್ಟು ಎತ್ತಿದ್ದು ಎಂಬ ಲೆಕ್ಕಕ್ಕೆ. ಕಾಲೇಜು ಬಿಟ್ಟ ಹೊಸತರಲ್ಲಿ ಎದುರಿನ ಚಕ್ರ ಮೊಣಕಾಲಿನಷ್ಟು ಎದ್ದಿತ್ತು. ಮದುವೆಯಾದ ಮೇಲೆ ಸೊಂಟದವರೆಗೆ ಬಂತು. ಈಗ ಮಕ್ಕಳ ಎದುರು ಹೇಳುವಾಗ ತಲೆಯಿಂದ ಮೇಲೆ ಹೋಗಿದೆ. ಹೀಗೇ ಬಿಟ್ಟರೆ ಬೈಕ್ ಮಲ್ಪೆ ಕಡಲಿನ ಸೇಂಟ್ ಮೇರೀಸ್ ದ್ವೀಪಕ್ಕೇ ಹಾರೀತು. ಅದಕ್ಕೇ ಈ ಸಲ ಪತ್ರಿಕೆಗೆ ನೆನಪು ಬರೆದುಕೊಡಿ ಎಂದಾಗ, ಇದನ್ನೇ ಬರೆದಿಟ್ಟುಬಿಡುವ ಅಂದುಕೊಂಡೆ.

1990ರ ದಶಕದ ಆರಂಭ. ಕಾಲೇಜಿಗೆ ಹೆಚ್ಚಿನವರು ಸಿಟಿ ಬಸ್ಸಿನ ಬಾಗಿಲಲ್ಲಿ ನೇತಾಡಿ ಬರುವವರು. ಒಬ್ಬನ ಹತ್ತಿರ ಬೈಕ್ ಉಂಟು ಅಂದರೆ ಅವನ ಅಣ್ಣನೋ ಭಾವನೋ ಗಲ್ಫಿನಲ್ಲಿದ್ದಾನೆ, ಇಲ್ಲವೇ ಅಪ್ಪನಿಗೆ ಬೊಂಬಾಯಿಯಲ್ಲಿ ಹೋಟೆಲ್ ಇದೆ ಎಂದೇ ಅರ್ಥ. ಹೀರೋ ಹೋಂಡಾ ಸಿಡಿ 100 ಇದ್ದವರು ಮೈಲೇಜಿನ ಮಾತಾಡುತ್ತಿದ್ದರು. ಯೆಜ್ಡಿ ಇದ್ದವನಿಗೆ ಕಿಕ್ ಹೊಡೆಯುವುದರಲ್ಲೇ ಸುಸ್ತು. ಎತ್ತುವ ಹುಚ್ಚಿನವರಿಗೆ ಇದ್ದದ್ದು ಯಮಹಾ ಆರ್‌ಎಕ್ಸ್ 100 ಒಂದೇ. 98 ಸಿಸಿ, ಟೂ ಸ್ಟ್ರೋಕ್, 11 ಎಚ್‌ಪಿ. ತೂಕ 100 ಕಿಲೋ ಆಸುಪಾಸು. ಈಗಿನ ಹುಡುಗರು ಕೇಳಿದರೆ ಇಷ್ಟೇನಾ ಅನ್ನುತ್ತಾರೆ. ಹಗುರ ಗಾಡಿಗೆ ಅಷ್ಟು ಸಾಕಿತ್ತು.

ಭಾನುವಾರ ಬೆಳಿಗ್ಗೆ, ಇಳಿತದ ಹೊತ್ತು ನೋಡಿಕೊಂಡು ಮಲ್ಪೆಗೆ ಹೋಗುವುದು. ನೀರು ಹಿಂದೆ ಸರಿದ ಮೇಲೆ ಒದ್ದೆ ಮರಳು ಗಟ್ಟಿಯಾಗಿ ಕೂತಿರುತ್ತದೆ. ಒಣ ಮರಳಿಗೆ ಇಳಿದರೆ ಮುಗಿಯಿತು, ತಳ್ಳಬೇಕಷ್ಟೆ. ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದು, ಚೆನ್ನಾಗಿ ರೈಸ್ ಮಾಡಿ, ಹಿಂದೆ ಸರಿದು ಕೂತು, ಕ್ಲಚ್ ಫಕ್ಕನೆ ಬಿಡುವುದು. ಹೆಚ್ಚಿನ ಸಲ ಎಂಜಿನ್ ಆಫ್. ಇಲ್ಲವೇ ಹಿಂದಿನ ಟೈರ್ ಮರಳು ತೋಡಿ ನೋಡುತ್ತಾ ನಿಂತವರ ಬಾಯಿಗೆ ಹಾಕುತ್ತಿತ್ತು. ಅಪರೂಪಕ್ಕೆ ಎದುರಿನ ಚಕ್ರ ಎದ್ದರೆ, ಕೂತವನೇ ಹೆದರಿ ಎಕ್ಸಲೇಟರ್ ಬಿಡುತ್ತಿದ್ದ. ಚಕ್ರ ದಢ್ ಅಂತ ಕೆಳಗೆ.

ನಮ್ಮಲ್ಲಿ ಒಬ್ಬನಿಗೆ ಮಾತ್ರ ಈ ವಿದ್ಯೆ ನಿಜವಾಗಿ ಗೊತ್ತಿತ್ತು. ಈಗ ಬ್ಯಾಂಕಿನಲ್ಲಿದ್ದಾನೆ, ಹೆಸರು ಹಾಕಬೇಡ ಮಾರಾಯ ಎಂದಿದ್ದಾನೆ. ಮಾತು ಕಡಿಮೆ. ಅವನ ಬಲಗಾಲು ಯಾವಾಗಲೂ ಹಿಂದಿನ ಬ್ರೇಕಿನ ಮೇಲೆ. ಚಕ್ರ ಜಾಸ್ತಿ ಎದ್ದಿತು ಅನ್ನುವಾಗ ಬ್ರೇಕ್ ಸ್ವಲ್ಪ ಮುಟ್ಟಿ ಇಳಿಸುತ್ತಿದ್ದ. ನಾವು ಎತ್ತುವುದನ್ನು ಕಲಿಯುತ್ತಿದ್ದಾಗ ಅವನು ಇಳಿಸುವುದನ್ನು ಕಲಿತು ಆಗಿತ್ತು.

ಸುದ್ದಿ ಹೇಗೋ ಫಿಸಿಕ್ಸ್ ಸರ್ ಕಿವಿಗೆ ಬಿತ್ತು. ಬೈಯುತ್ತಾರೆ ಅಂದುಕೊಂಡೆವು. ಟಾರ್ಕ್, ಅಂದರೆ ತಿರುಗಿಸುವ ಬಲದ ಪಾಠದ ದಿನ ಅವರು ಬೋರ್ಡಿನ ಮೇಲೆ ಎರಡು ಚಕ್ರ ಬರೆದು, “ಮಲ್ಪೆಯ ವಿದ್ವಾಂಸರು ಸ್ವಲ್ಪ ಇಲ್ಲಿ ನೋಡಿ” ಎಂದರು. ಹಿಂದಿನ ಟೈರ್ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಆ ಬಲ ಬೀಳುವುದು ಕೆಳಗೆ, ಗಾಡಿ ಮತ್ತು ಸವಾರನ ಭಾರದ ಕೇಂದ್ರ ಇರುವುದು ಮೇಲೆ. ಹಾಗಾಗಿ ಗಾಡಿ ಹಿಂದಕ್ಕೆ ಮಗುಚಲು ನೋಡುತ್ತದೆ. ತಡೆದು ಹಿಡಿಯುವುದು ಭಾರವೇ. ಹಿಂದೆ ಸರಿದು ಕೂತರೆ ಆ ತಡೆ ಕಮ್ಮಿಯಾಗುತ್ತದೆ. ಆಮೇಲೆ ಹಿಂದಿನ ಚಕ್ರ ನೆಲ ಮುಟ್ಟುವ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ನೇರ ಮೇಲೆ ಗೆರೆ ಎಳೆದರು. “ಭಾರದ ಕೇಂದ್ರ ಈ ಗೆರೆ ದಾಟಿತೋ, ನೀನು ಅಂಗಾತ. ಅಲ್ಲಿ ಹಿಂದಿನ ಬ್ರೇಕ್ ಒಂದೇ ಗತಿ.” ಕೊನೆ ಬೆಂಚಿನವರೆಲ್ಲ ತಿರುಗಿ ಆ ಮಾತಿಲ್ಲದವನನ್ನು ನೋಡಿದೆವು. ಅವನು ನೋಟ್ಸ್ ಬರೆಯುತ್ತಿದ್ದ.

ಮನೆಯವರಿಗೆ ಗೊತ್ತಾಗದಿದ್ದರೂ ಗ್ಯಾರೇಜಿನ ಅಣ್ಣನಿಗೆ ಗೊತ್ತಾಗುತ್ತಿತ್ತು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎದುರು ಕುಕ್ಕರಗಾಲಲ್ಲಿ ಕೂತು, ಎದುರಿನ ಚಕ್ರ ಹಿಡಿದಿರುವ ಫೋರ್ಕಿನ ಎರಡೂ ಕಾಲು ಹಿಡಿದು ಹಿಂದೆ ಮುಂದೆ ಅಲ್ಲಾಡಿಸುವರು. ಟಕ್ ಟಕ್. ಆಮೇಲೆ ಹ್ಯಾಂಡಲನ್ನು ಒಂದೇ ಬೆರಳಲ್ಲಿ ತಿರುಗಿಸುವರು. ನಟ್ಟನಡುವೆ ಬಂದು ಅದು ಸಿಕ್ಕಿಕೊಂಡು ನಿಲ್ಲುತ್ತಿತ್ತು. “ಕೋನ್ ಸೆಟ್ ಹೋಯ್ತು. ಮೊನ್ನೆ ಎತ್ತಿದ್ದಲ್ವಾ?” ಪ್ರಶ್ನೆಯೇ ಅಲ್ಲ ಅದು. ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಬುಡದಲ್ಲಿರುವ ಬಾಲ್ ಬೇರಿಂಗ್. ಚಕ್ರ ದಢ್ ಅಂತ ಬೀಳುವ ಪೆಟ್ಟೆಲ್ಲ ಆ ಸಣ್ಣ ಬಾಲ್‌ಗಳಿಗೆ ಹೋಗಿ, ಅವು ಕೂರುವ ಬಟ್ಟಲಲ್ಲಿ ಗುಳಿ ಬೀಳುತ್ತದೆ. ಫೋರ್ಕಿನ ಆಯಿಲ್ ಸೀಲ್ ಒಡೆದರೆ ಹೊಳೆಯುವ ಪೈಪಿನ ಮೇಲೆ ಎಣ್ಣೆಯ ಉಂಗುರ ಕಾಣುತ್ತದೆ. ಉಪ್ಪುನೀರು ತಾಗಿದ ಚೈನು, ಸ್ಪೋಕು ಮಳೆಗಾಲಕ್ಕೆ ಮೊದಲೇ ಕೆಂಪಾಗಿರುತ್ತಿತ್ತು. ಇದ್ಯಾವುದೂ ನಮ್ಮ ಕಥೆಗಳಲ್ಲಿ ಬರುವುದಿಲ್ಲ ನೋಡಿ.

ಬೀಚ್ ಬಿಟ್ಟು ಹೈವೇಯಲ್ಲಿ ಎತ್ತಲು ಹೋದವರೂ ಇದ್ದರು. ಆಗ ಅದು ಎನ್‌ಎಚ್ 17, ಅಗಲ ಕಿರಿದು, ಎಕ್ಸ್‌ಪ್ರೆಸ್ ಬಸ್ಸುಗಳ ಭರಾಟೆ ಈಗಿನಷ್ಟೇ. ಅವರಲ್ಲಿ ಒಬ್ಬನ ಕಾಲಲ್ಲಿ ಇಂದಿಗೂ ರಾಡ್ ಇದೆ. ಅವನು ಈ ಮಾತಿಗೆ ಸೇರುವುದೇ ಇಲ್ಲ, ಚಾ ತರಲು ಎದ್ದು ಹೋಗುತ್ತಾನೆ. ಈಗ ಕಾನೂನೂ ಬಿಗಿ. 2019ರ ತಿದ್ದುಪಡಿಯ ನಂತರ, ಹದಿನೆಂಟು ತುಂಬದ ಮಗ ಬೈಕಿನಲ್ಲಿ ಇಂಥದ್ದು ಮಾಡಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಮ್ಮ ಕಾಲದಲ್ಲಿ ಇದಿದ್ದಿದ್ದರೆ ಉಡುಪಿಯ ಅರ್ಧ ಅಪ್ಪಂದಿರು ಒಳಗಿರುತ್ತಿದ್ದರು.

ಆರ್‌ಎಕ್ಸ್ 100 ಬರುವುದು 1996ಕ್ಕೆ ನಿಂತಿತು. ಹೊಗೆಯ ನಿಯಮ ಬಿಗಿಯಾಯಿತು, ಟೂ ಸ್ಟ್ರೋಕಿನ ಕಾಲ ಮುಗಿಯುತ್ತಾ ಬಂತು. ಬ್ಯಾಂಕಿನವನು ಮಾತ್ರ ತನ್ನದನ್ನು ಮಾರಲಿಲ್ಲ. ಕಳೆದ ಸಲ ಹಳೆ ವಿದ್ಯಾರ್ಥಿಗಳ ಸಭೆಗೆ ಅದರಲ್ಲೇ ಬಂದ. ಕಿಕ್ ಹೊಡೆದ ಸದ್ದಿಗೆ ಹಾಲಿನಲ್ಲಿದ್ದವರೆಲ್ಲ ಹೊರಗೆ ಬಂದೆವು. ಭಾಷಣ ಮಾಡುತ್ತಿದ್ದವರು ಒಳಗೇ ಉಳಿದರು. “ಒಂದ್ಸಲ ಎತ್ತು ಮಾರಾಯ” ಎಂದು ಎಲ್ಲರ ಒತ್ತಾಯ. ತಲೆಯೆತ್ತರ ಎತ್ತಿದ್ದೇನೆ ಎನ್ನುವ ಮಹಾಶಯರು ಕೀಲಿಗೇ ಕೈ ಹಾಕಿದರು.

ಅವನು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. “ಕೋನ್ ಸೆಟ್ ಹೊಸತು. ನೀವು ಊಟಕ್ಕೆ ನಡೀರಿ.”