ನಾಯಿಯ ಲೆಕ್ಕ

ಬೆಂಗಳೂರಿನಲ್ಲಿ ಆರು ಜನ ಸೇರಿ ಕಂಪ್ಯೂಟರ್ ಗೇಮ್ ಮಾಡಲು ಹೊರಟಾಗ ಖರ್ಚಿನ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂಬಳ, ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಎಲ್ಲ ಸೇರಿ ತಿಂಗಳಿಗೆ 5 ಲಕ್ಷ. 14 ತಿಂಗಳಿಗೆ 70 ಲಕ್ಷ. ಆಟದ ಬೆಲೆ 499 ರೂಪಾಯಿ. 14 ಸಾವಿರ ಚಿಲ್ಲರೆ ಪ್ರತಿ ಮಾರಿದರೆ ಅಸಲು ಹುಟ್ಟುತ್ತದೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಆ ಹಾಳೆ ನೋಡಿದರೆ ಈಗ ನಗು ಬರುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಪ್ರತಿ ಮಾರಾಟದಲ್ಲಿ ಶೇ. 30 ಹಿಡಿದುಕೊಳ್ಳುತ್ತದೆ. ಆ ಪಾಲು ಶೇ. 25ಕ್ಕೆ ಇಳಿಯುವುದು ಗಳಿಕೆ 1 ಕೋಟಿ ಡಾಲರ್ ದಾಟಿದ ಮೇಲೆ, ಉಳ್ಳವರಿಗೇ ರಿಯಾಯಿತಿ! ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಪೂರ್ತಿ ಬೆಲೆ ಕೊಡುವವರೂ ಕಡಿಮೆ. ವಿಶ್‌ಲಿಸ್ಟ್‌ಗೆ ಸೇರಿಸಿ ಸೇಲ್‌ಗೆ ಕಾಯುತ್ತಾರೆ. ನಮಗೆ ಸರಾಸರಿ ಸಿಕ್ಕ ಬೆಲೆ 250. ಕೈಗೆ ಬಂದದ್ದು 175.

ಇನ್ನು ನಾಯಿ. ಹತ್ತನೆಯ ತಿಂಗಳಲ್ಲಿ ಒಂದು ಸಂಜೆ ನಮ್ಮ ಅನಿಮೇಟರ್, ನಾಯಕಿಯ ಹಿಂದೆ ಓಡುವ ಕಂತ್ರಿ ನಾಯಿಯೊಂದನ್ನು ಮಾಡಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುದಿನ ನಾಯಿ ಮೆಟ್ಟಿಲು ಹತ್ತಲಿಲ್ಲ. ದೋಣಿಗೆ ಕರೆದರೆ ನೀರಿನ ಮೇಲೆ ನಡೆಯಿತು. ಬಾಗಿಲಿಗೆ ಅಡ್ಡ ನಿಂತು ನಾಯಕಿಯನ್ನು ಕೋಣೆಯಲ್ಲೇ ಕೂಡಿಹಾಕಿತು. ಬಾಗಿಲುಗಳನ್ನೆಲ್ಲ ಅಗಲ ಮಾಡಿದೆವು. ಅಗಲವಾದ ಬಾಗಿಲಿನಿಂದ ಕಾವಲುಗಾರರಿಗೆ ನಾಯಕಿ ದೂರದಿಂದಲೇ ಕಾಣತೊಡಗಿದಳು. ಅಡಗಿ ಸಾಗುವ ಹಂತಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಮೂರು ತಿಂಗಳು, 15 ಲಕ್ಷ. 175ರಿಂದ ಭಾಗಿಸಿ: ನಾಯಿ ಒಂದಕ್ಕೇ ಎಂಟೂವರೆ ಸಾವಿರ ಪ್ರತಿ ಮಾರಬೇಕು.

ಇಂಥವು ಇನ್ನೂ ಕೆಲವು ಸೇರಿ 14 ತಿಂಗಳು 22 ಆಯಿತು. 1 ಕೋಟಿ 10 ಲಕ್ಷ ಖರ್ಚು; ಅಸಲಿಗೆ ಸುಮಾರು 63 ಸಾವಿರ ಪ್ರತಿ.

ದೊಡ್ಡವರ ಮನೆಯಲ್ಲೂ ದೋಸೆ ತೂತೇ. 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸೋನಿ ಸಲ್ಲಿಸಿದ ಕಡತದಲ್ಲಿ ಗುಟ್ಟಿನ ಅಂಕಿಗಳನ್ನು ಮುಚ್ಚಲು ಬಳಿದ ಮಸಿ ತೆಳುವಾಗಿತ್ತು. ಅವರ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಎಂಬ ಗೇಮ್‌ಗೆ ಸುಮಾರು 22 ಕೋಟಿ ಡಾಲರ್ ತಗಲಿದ್ದು, ಕೆಲಸ ಜೋರಾಗಿದ್ದಾಗ ಸುಮಾರು 200 ಜನ ದುಡಿದದ್ದು ಹಾಗೆ ಬಯಲಾಯಿತು. ಅಷ್ಟು ಜನರ ಒಂದು ತಿಂಗಳು ತಡವಾದರೆ ಎಷ್ಟಾದೀತೆಂದು ಅಂದು ರಾತ್ರಿ ಕಾಗದದ ಮೇಲೆ ಗುಣಿಸಿ ನೋಡಿದ್ದೆ.

ಮೊದಲ ವರ್ಷ ನಮ್ಮದು 41 ಸಾವಿರ ಪ್ರತಿ ಹೋಯಿತು. ಕೊಂಡವರ ವಿಮರ್ಶೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಕೆ ನಾಯಿಗೇ. ಆದ್ದರಿಂದ ಅದನ್ನು ತಂದದ್ದು ತಪ್ಪು ಎನ್ನಲಾರೆ. ಮೊದಲ ತಿಂಗಳೇ, ಬಾಗಿಲುಗಳಿಗೆ ಅಳತೆ ಹಾಕುವ ಮುನ್ನ ತರಬೇಕಿತ್ತು.